ಹಗುರವಾದ ಗಾಲಿ, ಹದವಾದ ಟೈರು



ಬಂಡಿ ಕೊಳ್ಳುವವನು ಮೊದಲು ಗಾಲಿಯನ್ನು ನೋಡಬೇಕೆಂಬುದು ನಮ್ಮ ಹಿರಿಯರ ವಾಡಿಕೆ. ಅವರು ಗಾಲಿಯನ್ನು ತಿರುಗಿಸಿ, ಅಚ್ಚಿಗೆ ಕಿವಿಗೊಟ್ಟು, ಕಬ್ಬಿಣದ ಪಟ್ಟಿಯನ್ನು ತಟ್ಟಿ ನೋಡಿದ ಮೇಲೆಯೇ ಬೆಲೆಯ ಮಾತನ್ನೆತ್ತುತ್ತಿದ್ದರು. ಮೋಟಾರು ಕೊಳ್ಳುವವರಾದರೋ ಬಣ್ಣವನ್ನು ನೋಡುತ್ತಾರೆ, ಮೆತ್ತೆಯನ್ನು ಒತ್ತಿ ನೋಡುತ್ತಾರೆ. ಗಾಲಿಯ ಕಡೆಗೆ ಅವರ ದೃಷ್ಟಿ ಹರಿಯುವುದು ಬಹುಮಟ್ಟಿಗೆ ಅದು ಕೈಕೊಟ್ಟ ದಿನವೇ. ಈಚಿನ ತರುಣರು ಗಾಲಿಯನ್ನು ನೋಡತೊಡಗಿದ್ದಾರೆಂಬುದೇನೋ ನಿಜ. ಆದರೆ ಅವರು ನೋಡುವುದು ಅದರ ಹೊಳಪನ್ನು. ಹಿರಿಯರ ಪರೀಕ್ಷೆಯೂ ಕಿರಿಯರ ಉತ್ಸಾಹವೂ ಕೂಡಿದರೆ ಆಗುವ ಲಾಭವೇನೆಂಬುದನ್ನು ಈ ತಿಂಗಳು ಕೊಂಚ ವಿಚಾರಿಸೋಣ.

ಕಳೆದ ತಿಂಗಳು ಕೊಟ್ಟೂರಿನಲ್ಲಿ ನನಗೆ ಬಹುಕಾಲದ ಪರಿಚಯವುಳ್ಳ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆನು. ಒಳಗೆ ಕಾಲಿಟ್ಟೊಡನೆಯೇ ಮನೆಯ ಗಾಳಿ ಸರಿಯಿಲ್ಲವೆಂದು ತಿಳಿಯಿತು. ತಂದೆ ಪಡಸಾಲೆಯಲ್ಲಿ, ಮಗ ಅಂಗಳದಲ್ಲಿ. ನಡುವೆ ತಾಯಿ, ಇಬ್ಬರ ಮಾತನ್ನೂ ಒಬ್ಬರಿಂದೊಬ್ಬರಿಗೆ ಒಯ್ಯುವ ಅಂಚೆಯವಳಂತೆ. ಮಗ ಹೊಸಪೇಟೆಯಲ್ಲಿ ಉದ್ಯೋಗಿ. ತನ್ನ ಸಂಬಳದ ಉಳಿತಾಯದಿಂದ ಒಂದು ಹಳೆಯ ಮಾರುತಿ ಸ್ವಿಫ್ಟ್ ಕಾರನ್ನು ಕೊಂಡಿದ್ದನು. ಇಬ್ಬರೇ ಕೂರುವ, ನೆಲಕ್ಕೆ ಅಂಟಿದಂತೆ ಓಡುವ ನಿಜವಾದ ಕ್ರೀಡಾಕಾರು ನಮ್ಮಂತಹವರ ಕೈಗೆ ಎಟುಕುವುದಲ್ಲ. ಈ ಸಣ್ಣ ಹುರುಪಿನ ಬಂಡಿಯೇ ಗೃಹಸ್ಥರ ಮನೆಯ ಕ್ರೀಡಾಕಾರು. ಅದಕ್ಕೆ 17 ಅಂಗುಲದ ಥಳಥಳಿಸುವ ಅಲಾಯ್ ಗಾಲಿಗಳನ್ನು ಹಾಕಿಸಬೇಕೆಂಬುದು ಹುಡುಗನ ಹಟ.

"ಏನ್ ಸ್ವಾಮೀ, ಇದ್ದ ಗಾಲಿಗೆ ಏನಾಗೇತಿ? ತಿರುಗವಲ್ಲವು ಅಂತಾನೇನು?" ಎಂದು ತಂದೆ ನನ್ನನ್ನೇ ಕೇಳಿದರು.

ಹುಡುಗ ಬಾಗಿಲಿಗೆ ಬಂದು, "ಹಗುರ ಗಾಲಿ ಹಾಕಿದರೆ ಗಾಡಿ ಚುರುಕಾಗ್ತೈತ್ರಿ. ಅಪ್ಪ ಒಂದು ರೂಪಾಯಿ ಕೊಡೋದಿಲ್ಲ ಅಂದಾರ. ಅದಕ್ಕೇ ಎಲ್ಲಕ್ಕಿಂತ ಸೋವಿ ಎಲ್ಲಿ ಸಿಗತಾವೋ ಅಲ್ಲೇ ತರ್ತೀನಿ" ಎಂದನು.

ಈ ಕೊನೆಯ ಮಾತನ್ನು ಕೇಳಿ ನನ್ನ ಮನಸ್ಸು ತಲ್ಲಣಿಸಿತು. ತಂದೆಯ ನಿರಾಕರಣೆಯಿಂದ ಗಾಲಿ ಬರುವುದು ತಪ್ಪುವುದಿಲ್ಲ. ಒಳ್ಳೆಯ ಗಾಲಿ ಬರುವುದು ಮಾತ್ರ ತಪ್ಪುತ್ತದೆ. ಆ ಕಾರಿನಲ್ಲಿ ಕುಳಿತು ಕೂಡ್ಲಿಗಿಗೂ ಹೊಸಪೇಟೆಯ ಆಸ್ಪತ್ರೆಗೂ ಹೋಗುವವಳು ಆ ತಾಯಿಯೇ ಅಲ್ಲವೇ? ಆದುದರಿಂದ ಅಂದು ಅವರಿಬ್ಬರಿಗೂ ಹೇಳಿದ ಮಾತುಗಳನ್ನು ಕ್ರಮವಾಗಿ ಜೋಡಿಸಿ ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಹುಡುಗನ ಪಕ್ಷ. ಹಗುರವಾದ ಗಾಲಿಯಿಂದ ಪ್ರಯೋಜನವುಂಟೆಂಬುದು ಸುಳ್ಳಲ್ಲ. ಇದನ್ನು ನಮ್ಮ ಸೀಮೆಯ ಒಕ್ಕಲಿಗನಿಗೆ ಬೇರೆ ಹೇಳಬೇಕಾಗಿಲ್ಲ. ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಯ ಬಂಡಿಯನ್ನು ಹಡಗಲಿಯ ಎರೆ ನೆಲದಲ್ಲಿ ಎಳೆದ ಎತ್ತುಗಳ ಬವಣೆಯನ್ನು ಕಂಡವರು, ರಬ್ಬರು ಟೈರಿನ ಬಂಡಿ ಬಂದಾಗ ಅದೇ ಎತ್ತುಗಳು ಹೆಚ್ಚು ಹೊರೆಯನ್ನು ಕಡಿಮೆ ದಣಿವಿನಿಂದ ಎಳೆದುದನ್ನೂ ಕಂಡಿದ್ದಾರೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರಂತಹ ವಿದ್ವಾಂಸರು ಎತ್ತಿನ ಬಂಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದುದು ಸುಮ್ಮನೆ ಅಲ್ಲ. ಗಾಲಿ ಸುಧಾರಿಸಿದರೆ ಎಳೆಯುವವನ ಆಯುಸ್ಸು ಹೆಚ್ಚುತ್ತದೆ. ಎಳೆಯುವುದು ಎತ್ತಾದರೂ ಅಷ್ಟೇ, ಯಂತ್ರವಾದರೂ ಅಷ್ಟೇ.

ಮೋಟಾರಿನಲ್ಲಿ ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು: ಕಾರಿನ ಒಡಲು ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ, ಗಾಲಿ, ಟೈರು, ಬ್ರೇಕುಗಳು ಸ್ಪ್ರಿಂಗಿನ ಕೆಳಗೆ ಇರುತ್ತವೆ. ರಸ್ತೆಯ ಉಬ್ಬಿಗೆ ತಗುಲಿದ ಗಾಲಿ ಮೇಲಕ್ಕೆ ನೆಗೆಯುತ್ತದೆ. ಅದನ್ನು ಕೂಡಲೆ ನೆಲಕ್ಕೆ ಒತ್ತಬೇಕಾದುದು ಸ್ಪ್ರಿಂಗಿನ ಕೆಲಸ. ಗಾಲಿ ಭಾರವಾಗಿದ್ದರೆ ಅದು ನೆಗೆದ ರಭಸವೂ ಹೆಚ್ಚು, ಹಿಂದಿರುಗುವುದೂ ತಡ. ಹಗುರವಾಗಿದ್ದರೆ ನೆಲವನ್ನು ಬೇಗ ಹಿಡಿಯುತ್ತದೆ. ನೆಲವನ್ನು ಹಿಡಿದಿರುವಷ್ಟು ಹೊತ್ತು ಮಾತ್ರವೇ ಗಾಲಿಯು ಬ್ರೇಕಿನ ಮಾತನ್ನೂ ಚುಕ್ಕಾಣಿಯ ಮಾತನ್ನೂ ಕೇಳುತ್ತದೆ. ಆದಕಾರಣ ಹಗುರ ಗಾಲಿ ವೇಗಕ್ಕೆ ಎಷ್ಟು ಸಾಧಕವೋ ಅದಕ್ಕಿಂತ ಹೆಚ್ಚಾಗಿ ಹಿಡಿತಕ್ಕೆ ಸಾಧಕ.

ಎರಡನೆಯದು: ಗಾಲಿ ಮುಂದಕ್ಕೂ ಹೋಗಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಅದರ ಅಂಚಿನಲ್ಲಿ ಒಂದು ಕಿಲೋ ತೂಕವಿದ್ದರೆ, ಕಾರಿಗೆ ವೇಗ ಕೊಡುವಾಗ ಅದು ಸುಮಾರು ಎರಡು ಕಿಲೋದಂತೆ ವರ್ತಿಸುತ್ತದೆ. ನಡುವಣ ಗುಂಬದಲ್ಲಿದ್ದರೆ ಹೆಚ್ಚು ಕಡಿಮೆ ಒಂದೇ ಕಿಲೋದಂತೆ. ಇಲ್ಲಿ ಒಂದು ಗುಟ್ಟಿದೆ. ಗಾಲಿಗಿಂತಲೂ ಹೊರ ಅಂಚಿನಲ್ಲಿರುವುದು ಟೈರು. ಆದುದರಿಂದ ಗಾಲಿಯಲ್ಲಿ ಒಂದು ಕಿಲೋ ಉಳಿಸಿ, ಅಗಲವಾದ ಭಾರದ ಟೈರನ್ನು ಹಾಕಿಸಿದವನು ಬಲಗೈಯಿಂದ ಗಳಿಸಿದುದನ್ನು ಎಡಗೈಯಿಂದ ಕಳೆದಂತಾಯಿತು.

ಇನ್ನು ತಂದೆಯ ಪಕ್ಷ. ಲೆಕ್ಕ ಹಾಕಿ ನೋಡಿದರೆ ಈ ಲಾಭ ಎಷ್ಟು? ಒಂದೊಂದು ಗಾಲಿಯಲ್ಲಿ 2 ಕಿಲೋ ಉಳಿಯಿತೆನ್ನಿ. ನಾಲ್ಕಕ್ಕೆ 8 ಕಿಲೋ. ತಿರುಗುವ ತೂಕವನ್ನು ಇಮ್ಮಡಿ ಎಂದು ಉದಾರವಾಗಿ ಎಣಿಸಿದರೂ 16 ಕಿಲೋ. ಸುಮಾರು 900 ಕಿಲೋ ತೂಗುವ ಕಾರಿನಲ್ಲಿ ಇದು ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಡಿಕ್ಕಿಯಲ್ಲಿ ಆರು ತಿಂಗಳಿಂದ ಬಿದ್ದಿರುವ ಹಳೆಯ ಸಾಮಾನನ್ನೂ ಅರ್ಧ ಚೀಲ ಜೋಳವನ್ನೂ ಇಳಿಸಿದರೆ ಇಷ್ಟು ಹಗುರ ಬಿಟ್ಟಿಯಾಗಿಯೇ ದೊರೆಯುವುದು! ಸ್ಪ್ರಿಂಗಿನ ಕೆಳಗಣ ತೂಕ ಇಳಿದುದರ ಸುಖವು ಡಿಕ್ಕಿಯನ್ನು ಖಾಲಿ ಮಾಡಿದರೆ ಬಾರದೆಂಬುದು ನಿಜವೇ. ಆದರೂ ಗಾಲಿ ಬದಲಿಸಿದ ಮಾತ್ರಕ್ಕೆ ಕಾರು ಹಾರಿಹೋಗುವುದೆಂಬ ಭ್ರಮೆ ಬೇಡ.

ಹಗುರ ಗಾಲಿಯ ಆಸೆ ಇಂದಿನದಲ್ಲ. 1924ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದ ಬಳಿ ನಡೆದ ಗ್ರಾಂಡ್ ಪ್ರಿ ಪಂದ್ಯಕ್ಕೆ ಎಟ್ಟೋರೆ ಬುಗಾಟಿ ಎಂಬ ಪ್ರಸಿದ್ಧ ಕಾರು ನಿರ್ಮಾಪಕನು ತನ್ನ 35ನೆಯ ಮಾದರಿಯ ಕಾರುಗಳನ್ನು ತಂದನು. ಉಳಿದವರ ಕಾರುಗಳಿಗೆ ತಂತಿ ಕಡ್ಡಿಗಳ ಗಾಲಿಗಳಿದ್ದ ಕಾಲದಲ್ಲಿ ಇವನದಕ್ಕೆ ಅಲ್ಯುಮಿನಿಯಂ ಎರಕದ ಗಾಲಿಗಳು. ಬ್ರೇಕಿನ ಡ್ರಮ್ಮು ಕೂಡ ಗಾಲಿಯೊಡನೆಯೇ ಕೂಡಿದ್ದಿತು. ನೋಡಿದವರೆಲ್ಲ ಬೆರಗಾದರು. ಆದರೆ ಅಂದು ಅವನು ಗೆಲ್ಲಲಿಲ್ಲ. ಗಾಲಿಯೇನೋ ನಿಂತಿತು, ಅದರ ಮೇಲಿನ ಟೈರು ಕೈಕೊಟ್ಟಿತು. ಮುಂದೆ ಟೈರಿನ ದೋಷ ತೀರಿದ ಮೇಲೆ ಅದೇ ಮಾದರಿ ಯೂರೋಪಿನಲ್ಲೆಲ್ಲ ಪಂದ್ಯಗಳನ್ನು ಗೆದ್ದು ಹೆಸರಾಯಿತು. ಗಾಲಿ ಎಷ್ಟು ಚೆಲುವಾದರೂ ನೆಲವನ್ನು ಮುಟ್ಟುವುದು ಟೈರೇ ಹೊರತು ಗಾಲಿಯಲ್ಲವೆಂಬುದನ್ನು ಬುಗಾಟಿಯಂತಹವನೂ ಕಾಸು ಕೊಟ್ಟು ಕಲಿಯಬೇಕಾಯಿತು. ನಾವು ಬಿಟ್ಟಿಯಾಗಿ ಕಲಿಯಬಹುದು.

ಈಗ ಲೋಹದ ವಿಚಾರ. ಅಂಗಡಿಗಳಲ್ಲಿ ಸಿಗುವ ಗಾಲಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಉಕ್ಕಿನ ಗಾಲಿ. ಮೆಕ್ಯಾನಿಕರು ಇದನ್ನು ಡಿಸ್ಕು ಎನ್ನುತ್ತಾರೆ. ಇದು ಅಗ್ಗ, ಗುಂಡಿಗೆ ಬಿದ್ದರೆ ಒಡೆಯುವ ಮೊದಲು ಡೊಂಕಾಗುತ್ತದೆ, ಸ್ವಲ್ಪ ಡೊಂಕಾದುದನ್ನು ತಿದ್ದಲೂಬಹುದು. ಎರಡನೆಯದು ಅಲ್ಯುಮಿನಿಯಂ ಮಿಶ್ರಲೋಹವನ್ನು ಎರಕ ಹೊಯ್ದು ಮಾಡಿದ್ದು. ಪೇಟೆಯಲ್ಲಿ ಅಲಾಯ್ ಎಂದು ಮಾರುವವುಗಳಲ್ಲಿ ಬಹುಪಾಲು ಇವೇ. ಎರಕದ ಲೋಹಕ್ಕೆ ಬಲ ಬರಬೇಕಾದರೆ ದಪ್ಪ ಬೇಕು; ದಪ್ಪವಾದರೆ ತೂಕ ಬಂದಿತು. ಆದಕಾರಣ ಅಲಾಯ್ ಎಂದೊಡನೆ ಹಗುರವೆಂದು ತಿಳಿಯುವುದು ತಪ್ಪು. ಅದೇ ಅಳತೆಯ ಉಕ್ಕಿನ ಗಾಲಿಗಿಂತ ಹೆಚ್ಚು ತೂಗುವ ಅಲಾಯ್ ಗಾಲಿಗಳೂ ಉಂಟು. ಮೂರನೆಯದು ನಮ್ಮ ಕಮ್ಮಾರರು ಕುಡವನ್ನು ಬಡಿದು ಹದ ಮಾಡುವಂತೆ, ಕಾದ ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ ಗಾಲಿ. ಇದು ತೆಳುವಾಗಿದ್ದರೂ ಬಲವುಳ್ಳದ್ದು, ನಿಜವಾಗಿಯೂ ಹಗುರ. ಬೆಲೆ ಮಾತ್ರ ಬಲು ಭಾರ. ಎರಡು ಮತ್ತು ಮೂರರ ನಡುವೆ, ಎರಕ ಹೊಯ್ದ ಮೇಲೆ ಅಂಚನ್ನು ಮಾತ್ರ ಕಾಯಿಸಿ ಉರುಳೆಗಳಿಂದ ಒತ್ತಿ ತೆಳುಗೊಳಿಸಿದ ಒಂದು ಬಗೆಯುಂಟು. ಮಿತವ್ಯಯದಲ್ಲಿ ಹಗುರ ಬೇಕೆನ್ನುವವರು ಹೊಸ ಗಾಲಿ ಕೊಳ್ಳುವುದಾದರೆ ಇದನ್ನು ವಿಚಾರಿಸಬೇಕು.

ಅಗ್ಗದ ಅನುಕರಣದ ಗಾಲಿಯ ಅಪಾಯ ಇರುವುದು ಇಲ್ಲಿಯೇ. ಹೆಸರಾದ ಗಾಲಿಯ ಆಕಾರವನ್ನು ನಕಲು ಮಾಡುವುದು ಸುಲಭ. ಲೋಹದ ಹದವನ್ನು ನಕಲು ಮಾಡುವುದು ಕಷ್ಟ. ಎರಕದಲ್ಲಿ ಗಾಳಿಗುಳ್ಳೆಗಳುಳಿದರೆ ಹೊರಗಣ ಬಣ್ಣ ಅದನ್ನು ಮುಚ್ಚುತ್ತದೆ, ರಸ್ತೆಯ ಗುಂಡಿ ಅದನ್ನು ತೆರೆದು ತೋರಿಸುತ್ತದೆ. ಆದುದರಿಂದ ಗಾಲಿಯ ಒಳಮೈಯಲ್ಲಿ ತಯಾರಕನ ಹೆಸರು, ಅಳತೆ, ಹೊರಬಲ್ಲ ಭಾರ, ಐಎಸ್ಐ ಮುದ್ರೆ ಇವು ಅಚ್ಚೊತ್ತಿವೆಯೇ ಎಂದು ನೋಡಿಯೇ ಹಣ ಬಿಚ್ಚತಕ್ಕದ್ದು. ಬಿರುಕುಬಿಟ್ಟ ಅಲಾಯ್ ಗಾಲಿಯನ್ನು ಬೆಸುಗೆ ಹಾಕಿಸಿ ಬಳಸುವುದಂತೂ ಕೂಡದು. ಬೆಸುಗೆಯ ಕಾವಿಗೆ ಸುತ್ತಣ ಲೋಹದ ಹದ ಕೆಡುತ್ತದೆ.

ಅಳತೆಯ ವಿಚಾರಕ್ಕೆ ಬರೋಣ. ಈ ಕಾರಿನ ಕೆಳದರ್ಜೆಯ ಮಾದರಿಗೆ ಕಂಪನಿಯವರು ಕೊಡುವುದು 165/80 ಆರ್ 14 ಅಳತೆಯ ಟೈರು; ಮೇಲ್ದರ್ಜೆಯದಕ್ಕೆ 185/65 ಆರ್ 15. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಟೈರಿನ ಪಕ್ಕೆಯ ಎತ್ತರವೆಂಬುದು. ಆರ್ ಅಕ್ಷರ ರೇಡಿಯಲ್ ಜಾತಿಯ ಗುರುತು. ಕೊನೆಯದು ಗಾಲಿಯ ವ್ಯಾಸ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಮೊದಲನೆಯ ಟೈರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರು, ಎರಡನೆಯದು ಸುಮಾರು 621. ಅಂದರೆ ಹೊರಗಿನ ಸುತ್ತು ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಹೀಗೆ ಇರಲೇಬೇಕು, ಇಲ್ಲವಾದರೆ ವೇಗ ತೋರಿಸುವ ಮುಳ್ಳು ಸುಳ್ಳಾಡತೊಡಗುತ್ತದೆ, ಟೈರು ಮಡ್ಗಾರ್ಡಿಗೆ ಉಜ್ಜಲೂಬಹುದು.

ಹೊರಸುತ್ತು ಬದಲಾಗದೆ ಗಾಲಿ ಮಾತ್ರ ದೊಡ್ಡದಾದರೆ ಕಡಿಮೆಯಾಗುವುದು ಯಾವುದು? ರಬ್ಬರಿನ ಪಕ್ಕೆ. 14 ಅಂಗುಲದ ಗಾಲಿಯಲ್ಲಿ ಅದು 132 ಮಿಲಿಮೀಟರು, 15ರಲ್ಲಿ 120, 195/55 ಆರ್ 16 ಹಾಕಿದರೆ 107, ಹುಡುಗನು ಬಯಸಿದ 17 ಅಂಗುಲಕ್ಕೆ 205/45 ಹಾಕಿದರೆ ಬರಿಯ 92. ರಸ್ತೆಯ ಪೆಟ್ಟನ್ನು ಮೊದಲು ನುಂಗುವುದು ಈ ಪಕ್ಕೆಯೊಳಗಣ ಗಾಳಿಯೇ. ಅದನ್ನು ನಾಲ್ಕು ಬೆರಳಷ್ಟು ಉಳಿಸಿಕೊಂಡರೆ ಪೆಟ್ಟು ನೇರವಾಗಿ ಗಾಲಿಯ ಅಂಚಿಗೆ ತಗುಲುತ್ತದೆ. ನುಣುಪಾದ ಪಂದ್ಯದ ಮೈದಾನದಲ್ಲಿ ಕಿರುಪಕ್ಕೆಯ ಟೈರು ತಿರುವಿನಲ್ಲಿ ಚುರುಕು. ನಮ್ಮ ಸೀಮೆಯಲ್ಲಿ ಅದು ಸಾಲದ ಮೇಲೆ ಮಾಡಿದ ಸಾಲ.

ನಮ್ಮ ಸೀಮೆಯೆಂದು ಏಕೆ ಒತ್ತಿ ಹೇಳುತ್ತೇನೆಂದರೆ, ಚಕ್ರವನ್ನು ಆರಿಸತಕ್ಕದ್ದು ಕಾರನ್ನು ನೋಡಿಯಷ್ಟೇ ಅಲ್ಲ, ನೆಲವನ್ನೂ ನೋಡಿ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ತಾಲೂಕುಗಳಲ್ಲಿ ಒಂದೇ ದಿನದಲ್ಲಿ ಎರಡು ಬಗೆಯ ಹಾದಿಯನ್ನು ತುಳಿಯಬೇಕಾಗುತ್ತದೆ. ಹೊಸಪೇಟೆಯಿಂದ ಕೂಡ್ಲಿಗಿಯ ಮೇಲೆ ಚಿತ್ರದುರ್ಗಕ್ಕೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಬಾಣದಂತೆ ಓಡುತ್ತದೆ. ಅಲ್ಲಿಂದ ಒಳಕ್ಕೆ ತಿರುಗಿ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಯ ಹಾದಿಯನ್ನು ಹಿಡಿದಿರೋ, ಎರೆ ನೆಲ ತನ್ನ ಗುಣವನ್ನು ತೋರಿಸುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಒಡೆದು ಗುಂಡಿಬೀಳುತ್ತದೆ. ಜಾತ್ರೆಗೆಂದು ಮೈಲಾರಕ್ಕೋ ಉಚ್ಚಂಗಿದುರ್ಗಕ್ಕೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾತ್ರಿ ಹಿಂದಿರುಗುವಾಗ ಆ ಗುಂಡಿ ಕಣ್ಣಿಗೆ ಬೀಳುವುದಿಲ್ಲ, ಗಾಲಿಗೆ ಮಾತ್ರ ಬೀಳುತ್ತದೆ.

ಗಾಲಿ ಕಾರಿಗೆ ಸರಿಹೊಂದುವ ಬಗೆಯೂ ತಿಳಿದಿರಬೇಕು. ಬೋಲ್ಟುಗಳ ಸಂಖ್ಯೆ, ಅವು ನಿಂತಿರುವ ವೃತ್ತದ ವ್ಯಾಸ ಇವೆರಡೂ ತಪ್ಪದೆ ಕೂಡಬೇಕು. ಅಂಗಡಿಯವರು ಇದನ್ನು ಪಿಸಿಡಿ ಎನ್ನುತ್ತಾರೆ. ಸ್ವಿಫ್ಟಿಗೆ 4 ಬೋಲ್ಟು, 100 ಮಿಲಿಮೀಟರು. ನಡುವಣ ತೂತು ಕಾರಿನ ಗುಂಬದ ಮೇಲೆ ಸಡಿಲವಿಲ್ಲದೆ ಕೂರಬೇಕು. ದೊಡ್ಡದಾಗಿದ್ದರೆ ಅದಕ್ಕೆ ಒಪ್ಪುವ ಬಳೆಯನ್ನು ಹಾಕಿಸಬೇಕು, ಇಲ್ಲವಾದರೆ ವೇಗದಲ್ಲಿ ಚುಕ್ಕಾಣಿ ನಡುಗುವುದು. ಗಾಲಿಯ ನಡುಗೆರೆಗೂ ಅದು ಗುಂಬಕ್ಕೆ ಕೂರುವ ಮೈಗೂ ಇರುವ ಅಂತರಕ್ಕೆ ಆಫ್‌ಸೆಟ್ ಎಂದು ಹೆಸರು. ಇದು ಮೂಲ ಗಾಲಿಯದಕ್ಕೆ ಸಮೀಪವಿರಬೇಕು. ಗಾಲಿ ಹೊರಕ್ಕೆ ಚಾಚಿದಷ್ಟೂ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ. ಬೋಲ್ಟಿನ ನಟ್ಟುಗಳೂ ಆಯಾ ಗಾಲಿಗೆ ಹೇಳಿದವೇ ಆಗಿರಬೇಕು. ಹಾಕಿಸಿದ ಮೇಲೆ ನೂರು ಕಿಲೋಮೀಟರು ಓಡುವುದರೊಳಗೆ ಮತ್ತೊಮ್ಮೆ ಬಿಗಿ ನೋಡಿಸಬೇಕು. ಇವೆಲ್ಲ ಅತಿಸೂಕ್ಷ್ಮವೆಂದು ತಾತ್ಸಾರ ಮಾಡಬಾರದು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ಅಚ್ಚು ಮುರಿದು ಉರುಳಿದ ದಿನವನ್ನು ಈ ಸೀಮೆಯವರು ಮರೆತಿಲ್ಲ. ತೇರಾಗಲಿ ಕಾರಾಗಲಿ, ಮೇಲಣ ವೈಭವವೆಲ್ಲ ನಿಂತಿರುವುದು ಕೆಳಗಿನ ಕಣ್ಣಿಗೆ ಕಾಣದ ಒಂದು ಜೋಡಣೆಯ ಮೇಲೆ.

ಟೈರು ಕೊಳ್ಳುವಾಗ ಅದರ ಪಕ್ಕೆಯನ್ನು ಪುಸ್ತಕದಂತೆ ಓದಬೇಕು. ಅಳತೆಯ ಮುಂದೆ 88 ಎಚ್ ಎಂಬಂತಹ ಗುರುತು ಇರುತ್ತದೆ. 88 ಎಂದರೆ ಆ ಟೈರು 560 ಕಿಲೋ ಭಾರವನ್ನು ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗಿನ ವೇಗವನ್ನು ತಾಳಬಲ್ಲದು. ಅಷ್ಟು ವೇಗದಲ್ಲಿ ಓಡಿಸಿರೆಂದು ಇದರರ್ಥವಲ್ಲ. ಕಂಪನಿಯವರು ಹೇಳಿದ ಅಂಕಿಗಿಂತ ಕಡಿಮೆಯದನ್ನು ತರಬಾರದೆಂಬುದೇ ತಾತ್ಪರ್ಯ. ಇನ್ನೊಂದು ಕಡೆ ನಾಲ್ಕು ಅಂಕಿಗಳು ಒಂದು ಚೌಕಟ್ಟಿನಲ್ಲಿ ಇರುತ್ತವೆ. 2324 ಎಂದಿದ್ದರೆ ಅದು 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ರಬ್ಬರು ಬಳಸದೆ ಇಟ್ಟರೂ ಮುಪ್ಪಾಗುತ್ತದೆ; ಹಳೆಯ ಸರಕನ್ನು ಹೊಳಪು ಹಚ್ಚಿ ಸೋವಿಗೆ ಕೊಡುವವರುಂಟು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಗೀರುಗಳ ನಡುವಣ ಉಬ್ಬಿನ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರಿಗೆ, ಸವೆದುದನ್ನು ತೆಗೆದುಹಾಕಲೇಬೇಕು.

ಈ ಸೀಮೆಯ ಟೈರಿಗೆ ಇಬ್ಬರು ಶತ್ರುಗಳು: ಬಳ್ಳಾರಿ ಜಾಲಿಯ ಮುಳ್ಳು ಮತ್ತು ಬೇಸಗೆಯ ಬಿಸಿಲು. ಮುಳ್ಳು ನಡುವೆ ಚುಚ್ಚಿದರೆ ಟ್ಯೂಬಿಲ್ಲದ ಟೈರು ಗಾಳಿಯನ್ನು ಮೆಲ್ಲನೆ ಬಿಡುತ್ತದೆ. ಊರು ಸೇರಿ ಪಂಕ್ಚರು ಹಾಕಿಸಬಹುದು. ಪಕ್ಕೆಗೆ ಚುಚ್ಚಿದರೆ ಆ ಟೈರನ್ನು ಬದಲಿಸುವುದೇ ಸರಿ. ಬಿಸಿಲಿನ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಬಳಕೆಯಲ್ಲಿದೆ. ಬೇಸಗೆಯಲ್ಲಿ ಗಾಳಿ ಹಿಗ್ಗುವುದೆಂದು ಕೆಲವರು ಗಾಳಿಯನ್ನು ಕಡಿಮೆ ಹಾಕಿಸುತ್ತಾರೆ. ಗಾಳಿ ಕಡಿಮೆಯಾದ ಟೈರು ಸುತ್ತಿದಂತೆಲ್ಲ ಪಕ್ಕೆ ಹೆಚ್ಚು ಬಾಗಿ, ಒಳಗೇ ಕಾವೇರಿ, ಹೆದ್ದಾರಿಯಲ್ಲಿ ಸಿಡಿಯುವ ಸಂಭವ ಹೆಚ್ಚುತ್ತದೆ. ಬೆಳಗಿನ ತಂಪಿನಲ್ಲಿ, ಕಾರು ಓಡುವ ಮೊದಲು, ಬಾಗಿಲ ಚೌಕಟ್ಟಿನ ಮೇಲೆ ಬರೆದಿರುವಷ್ಟೇ ಗಾಳಿಯನ್ನು ಹಾಕಿಸುವುದು ಸರಿಯಾದ ಕ್ರಮ.

ಇಷ್ಟೆಲ್ಲ ಹೇಳುವವನು ಹುಟ್ಟುತ್ತಲೇ ಜಾಣನಾಗಿದ್ದನೆಂದು ವಾಚಕರು ತಿಳಿಯಬಾರದು. ಕೆಲವು ವರ್ಷಗಳ ಕೆಳಗೆ ನಾನೂ ಹೊಳಪಿಗೆ ಮರುಳಾಗಿ ಅಗ್ಗದ ಅಲಾಯ್ ಗಾಲಿಗಳನ್ನು ಹಾಕಿಸಿದ್ದೆನು. ಹಗರಿಬೊಮ್ಮನಹಳ್ಳಿಯಿಂದ ಮುಸ್ಸಂಜೆಯಲ್ಲಿ ಹಿಂದಿರುಗುವಾಗ ವಯಸ್ಸಾದ ನನ್ನ ತಾಯಿ ಹಿಂದೆ ಕುಳಿತಿದ್ದರು. ಒಂದು ಗುಂಡಿಗೆ ಮುಂದಿನ ಗಾಲಿ ಇಳಿದ ಸಪ್ಪಳವಾಯಿತು. ಚುಕ್ಕಾಣಿ ಕೈಯಿಂದ ಕಿತ್ತುಕೊಂಡಂತಾಯಿತು. ವೇಗ ಕಡಿಮೆಯಿದ್ದುದರಿಂದ ಬದುಕಿದೆವು. ಇಳಿದು ನೋಡಿದರೆ ಗಾಲಿಯ ಅಂಚು ಬಿರಿದಿತ್ತು. ಸ್ಟೆಪ್ನಿಯನ್ನು ತೆಗೆದರೆ ಅದು ಹಳೆಯ ಉಕ್ಕಿನ ಡಿಸ್ಕು. ಹೊಸ ಗಾಲಿಯ ನಟ್ಟುಗಳು ಅದಕ್ಕೆ ಸರಿಯಾಗಿ ಕೂರಲೊಲ್ಲವು. ಹಳೆಯ ನಟ್ಟುಗಳು ಮನೆಯ ಗೂಡಿನಲ್ಲಿ ಸುಖವಾಗಿದ್ದವು! ಕತ್ತಲಲ್ಲಿ ಬಂದ ಒಂದು ಎತ್ತಿನ ಬಂಡಿಯವನು ತಾಯಿಯವರನ್ನು ಊರಿನವರೆಗೆ ಕೂರಿಸಿಕೊಂಡು ಹೋದನು. ಅವನ ಬಂಡಿಗೆ ಹಳೆಯ ರಬ್ಬರು ಟೈರು, ಹೊಳಪೇನೂ ಇರಲಿಲ್ಲ. ಆ ರಾತ್ರಿ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಹಾಗಾದರೆ ಮಿತವಾದ ಹಣವನ್ನು ಯಾವ ಕ್ರಮದಲ್ಲಿ ವಿನಿಯೋಗಿಸಬೇಕು? ಮೊದಲು ನಾಲ್ಕು ಒಳ್ಳೆಯ ಹೊಸ ಟೈರುಗಳು. ಎರಡನೆಯದು ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್. ಇದಕ್ಕೆ ತಗಲುವ ವೆಚ್ಚ ಅಲ್ಪ, ಟೈರಿನ ಆಯುಸ್ಸಿಗೆ ಆಗುವ ಉಪಕಾರ ದೊಡ್ಡದು. ಮೂರನೆಯದಾಗಿ, ಹಣ ಉಳಿದರೆ ಮಾತ್ರ ಗಾಲಿ. ಗಾಲಿಯಲ್ಲಿ ಅಗ್ಗವೂ ಯೋಗ್ಯವೂ ಆದ ಹಾದಿಯೊಂದಿದೆ: ಅದೇ ಕಾರಿನ ಮೇಲ್ದರ್ಜೆಯ ಮಾದರಿಯಿಂದ ಬಿಚ್ಚಿದ, ಕಂಪನಿಯವೇ ಆದ ಅಲಾಯ್ ಗಾಲಿಗಳನ್ನು ಹಳೆಯ ಸಾಮಾನಿನ ವ್ಯಾಪಾರಿಗಳಲ್ಲಿ ಹುಡುಕುವುದು. ಬೋಲ್ಟಿನ ವೃತ್ತ, ನಡುದೂತು, ಆಫ್‌ಸೆಟ್ ಎಲ್ಲವೂ ಹುಟ್ಟಿನಿಂದಲೇ ಕೂಡಿಬರುತ್ತವೆ, ಲೋಹವೂ ಪರೀಕ್ಷೆಗೊಂಡದ್ದು. ಆದರೆ ಹಳೆಯ ಗಾಲಿಯನ್ನು ಕೊಳ್ಳುವ ಮೊದಲು ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಡೊಂಕನ್ನು ನೋಡಬೇಕು. ಒಳ ಅಂಚಿನ ಮೇಲೆ ಬೆರಳಾಡಿಸಿ ಬಿರುಕನ್ನೂ ಬೆಸುಗೆಯ ಗುರುತನ್ನೂ ಹುಡುಕಬೇಕು. ಹಳೆಯ ಗಾಲಿ ಕೊಳ್ಳಬಹುದು, ಹಳೆಯ ಟೈರು ಕೊಳ್ಳಕೂಡದು. ಉಳಿತಾಯದ ಗೆರೆಯನ್ನು ಅಲ್ಲಿ ಎಳೆಯಬೇಕು.

ಕಾನೂನಿನ ಒಂದು ಮಾತನ್ನೂ ಸೇರಿಸಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ನಮೂದಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ತಯಾರಕರು ಒಪ್ಪಿದ ಅಳತೆಯೊಳಗೇ ಇದ್ದು, ಬದಲಾವಣೆಯನ್ನು ವಿಮೆಯವರಿಗೆ ತಿಳಿಸಿಟ್ಟರೆ ಮುಂದೆ ತಕರಾರಿಗೆ ಅವಕಾಶ ಕಡಿಮೆ.

ಇಷ್ಟನ್ನು ಕೇಳಿದ ಮೇಲೂ ಹುಡುಗನ ಮುಖದಲ್ಲಿ ಸಂಶಯವಿತ್ತು. ಅದು ಸಹಜ. ಮಾತಿಗಿಂತ ತಕ್ಕಡಿ ದೊಡ್ಡದು. ಅವನ ಗೆಳೆಯನೊಬ್ಬನ ಕಾರಿಗೆ ಅಂತಹುದೇ 17 ಅಂಗುಲದ ಗಾಲಿಗಳಿದ್ದವು. ಅವುಗಳಲ್ಲೊಂದನ್ನು ಬಿಚ್ಚಿಸಿ, ನಮ್ಮವನ ಉಕ್ಕಿನ ಗಾಲಿಯೊಂದನ್ನೂ ತೆಗೆದುಕೊಂಡು, ತಂದೆ ಮಗ ನಾನು ಮೂವರೂ ತಂದೆಯವರ ಪರಿಚಯದ ಅಡತಿ ಅಂಗಡಿಗೆ ಹೋದೆವು. ಶೇಂಗಾ ಚೀಲ ತೂಗುವ ಯಂತ್ರದ ಮೇಲೆ ಮೊದಲು ಉಕ್ಕಿನ ಗಾಲಿಯನ್ನಿಟ್ಟರು: ಟೈರು ಸಹಿತ 14 ಕಿಲೋ ಚಿಲ್ಲರೆ. ಹೊಳೆಯುವ ಗಾಲಿಯನ್ನಿಟ್ಟರು: ಟೈರು ಸಹಿತ 19 ಕಿಲೋ ಮೇಲೆ! ಹಗುರವಾಗಲೆಂದು ಹಣ ಕೊಟ್ಟು, ನಾಲ್ಕು ಗಾಲಿಗೆ 20 ಕಿಲೋ ಭಾರವನ್ನು ಕೊಂಡಂತಾಗುತ್ತಿತ್ತು. ಹುಡುಗ ಎರಡು ಸಲ ತಿರುಗಿಸಿ ತೂಗಿಸಿದನು, ಅಂಕಿ ಬದಲಾಗಲಿಲ್ಲ.

ಆಗ ತಂದೆ ಗೆದ್ದವರಂತೆ ನಗಬಹುದೆಂದು ನನಗೆ ಭಯವಿತ್ತು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಪನಿದು 15ರ ಗಾಲಿ ಹಳೇವು ಸಿಕ್ಕರೆ ನೋಡಪ್ಪಾ ತಮ್ಮಾ. ಟೈರಿನ ರೊಕ್ಕ ನಂದಿರಲಿ" ಎಂದರು. ಹುಡುಗ ತಲೆ ತಗ್ಗಿಸಿಕೊಂಡು ಗಾಲಿಯ ಧೂಳನ್ನು ಒರೆಸುತ್ತ ನಿಂತನು. ಹದಿನೈದು ದಿನಗಳಲ್ಲಿ ಅಂತಹ ನಾಲ್ಕು ಗಾಲಿಗಳು ದೊರೆತು, ಹೊಸ 185/65ರ ಟೈರುಗಳೊಡನೆ ಕಾರಿಗೆ ಸೇರಿದವೆಂದೂ, ಹಳೆಯ ನಟ್ಟುಗಳು ಸ್ಟೆಪ್ನಿಯ ಜೊತೆಯಲ್ಲೇ ಇವೆಯೆಂದೂ ಆ ತಾಯಿಯೇ ಹೇಳಿ ಕಳುಹಿಸಿದ್ದಾರೆ. ಮನೆಯಲ್ಲಿ ಈಗ ಅಂಚೆಯ ಕೆಲಸ ತಪ್ಪಿದೆಯಂತೆ.

ವಾಚಕ ಮಹಾಶಯರೇ, ಮಕ್ಕಳ ಆಸೆಯನ್ನು ಬೇಡವೆಂದು ತಳ್ಳುವುದು ಸುಲಭ; ತಳ್ಳಿದ ಆಸೆ ಸೋವಿಯ ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಅದನ್ನು ಕರೆದು ತಕ್ಕಡಿಯ ಮೇಲೆ ಕೂರಿಸಿದರೆ ತನ್ನ ತೂಕವನ್ನು ತಾನೇ ಹೇಳುತ್ತದೆ. ನಿಮ್ಮ ಅಂಗಳದಲ್ಲಿ ನಿಂತಿರುವ ಬಂಡಿಯ ನಾಲ್ಕು ಟೈರುಗಳನ್ನೂ, ಮರೆಯದೆ ಐದನೆಯದನ್ನೂ, ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಒಮ್ಮೆ ಬಾಗಿ ನೋಡಿರಿ. ಮನೆಯ ಮಂದಿಯನ್ನೆಲ್ಲ ಹೊತ್ತು ಹಿಂದಿರುಗಿ ತರಬೇಕಾದವು ಅವೇ ಅಲ್ಲವೇ?